ಗೋಡೆಯ ಮೇಲಿನ ಅತ್ತಿಗೆ

ನಮ್ಮ ಚೆಂಬೂರಿನ ಮನೆಯ ಹಾಲ್‌ನಲ್ಲಿ ಇದ್ದದ್ದು ಒಂದೇ ಫೋಟೋ. ಒಂಬತ್ತು ಗಜದ ಸೀರೆ ಉಟ್ಟ ಎಳೆಯ ಹೆಂಗಸೊಬ್ಬಳು ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದಳು. ನನ್ನ ಅಜ್ಜಿ, ಅಮ್ಮನ ಅಮ್ಮ. ಅಮ್ಮ ತೊಟ್ಟಿಲಲ್ಲಿದ್ದಾಗಲೇ ಆಕೆ ತೀರಿಕೊಂಡಳಂತೆ. ಹಿಂದೆಯೇ ಅಜ್ಜನೂ ಹೋದ. ಮಗುವನ್ನು ಕುಮಟೆಯಿಂದ ಮುಂಬಯಿಗೆ ತಂದು ಸಾಕಿದ್ದು ಅಜ್ಜನ ತಂಗಿ. ಅಮ್ಮ ಪ್ರತಿ ಶುಕ್ರವಾರ ಆ ಫೋಟೋಕ್ಕೆ ಮಲ್ಲಿಗೆ ಹಾಕುತ್ತಿದ್ದಳು. ನನಗಂತೂ ಅದು ಮನೆಯ ಫರ್ನಿಚರ್ ಇದ್ದ ಹಾಗೆ, ಇದ್ದೇ ಇತ್ತು.

ಎಪ್ಪತ್ತರ ದಶಕ ಶುರುವಾದಾಗ ಅಮ್ಮನಿಗೆ ಗ್ಲಾಕೋಮಾ ಅಂದರು. ಬಾಂದ್ರಾದ ಕಾನ್ವೆಂಟ್‌ನಲ್ಲಿ ಓದಿ ಅಲ್ಲೇ ಟೀಚರ್ ಆಗಿದ್ದವಳು ನಾನು. ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಅಳಲಿಲ್ಲ. "ಕಣ್ಣು ಪೂರ್ತಿ ಹೋಗುವ ಮೊದಲು ನನ್ನ ಅಮ್ಮನ ತವರಿನ ಹೆಸರು ಎಲ್ಲಾದರೂ ಬರೆದದ್ದಿದ್ದರೆ ಒಮ್ಮೆ ನಾನೇ ಓದಬೇಕು ಮಾರಾಯ್ತಿ," ಅಂದಳು.

ನಮ್ಮವರಲ್ಲಿ ಮದುವೆಯ ದಿನ ಹುಡುಗಿಯ ಹೆಸರೇ ಬದಲು. ತಟ್ಟೆಯಲ್ಲಿ ಅಕ್ಕಿ ಹರಡುತ್ತಿದ್ದರು, ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಿದ್ದ, ಹಳೆಯದು ಅಲ್ಲಿಗೆ ಮುಗಿಯಿತು. ಅಜ್ಜಿಯನ್ನು ಅವಳ ತಾಯಿ ಏನೆಂದು ಕೂಗುತ್ತಿದ್ದಳೋ ನಮಗೆ ಗೊತ್ತಿರಲಿಲ್ಲ.

ದಾದರ್‌ನಲ್ಲಿ ನಮ್ಮ ಕಡೆಯವರದೊಂದು ಇತಿಹಾಸ ಮಂಡಳಿ ಇತ್ತು. ಹಳೆಯ ಬಿಲ್ಡಿಂಗ್‌ನ ಮೇಲಿನ ಮಹಡಿ, ಕೆಳಗೆ ಹೂವಿನವರ ಗಲಾಟೆ. ಊರಿನ ಮನೆತನಗಳ ವಂಶಾವಳಿ, ಹಿಂದಿನವರು ಮನೆಮನೆ ಸುತ್ತಿ ಬರೆದಿಟ್ಟ ಗಣತಿ, ಎಲ್ಲ ಅಲ್ಲಿನ ಕಪಾಟುಗಳಲ್ಲಿ. ಭಾನುವಾರ ಬೆಳಿಗ್ಗೆ ಮಾತ್ರ ಬಾಗಿಲು ತೆಗೆಯುತ್ತಿದ್ದರು. ಕುರ್ಲಾದಲ್ಲಿ ಲೋಕಲ್ ಬದಲಿಸಿ, ಬ್ರಿಡ್ಜ್ ಮೇಲೆ ಅಮ್ಮನ ಕೈ ಹಿಡಿದು ಕರೆದುಕೊಂಡು ಹೋದೆ. ಅಲ್ಲಿ ಇದ್ದವರು ರಿಟೈರ್ ಆದ ವಕೀಲರೊಬ್ಬರು. ಆ ಸೆಕೆಯಲ್ಲೂ ಕೋಟು.

ಅಮ್ಮ ಅಜ್ಜನ ಹೆಸರು ಹೇಳಿದಳು.

"ಓಹೋ, ದೊಡ್ಡ ಮನೆತನ! ತಂಗೀ, ನಿನಗೆ ಕನ್ನಡ ಓದಲಿಕ್ಕೆ ಬರ್ತದೋ, ಬರೀ ಎ ಬಿ ಸಿ ಡಿಯೋ?"

"ಬರ್ತದೆ ಮಾಮ."

ಅವರು ವಂಶವೃಕ್ಷದ ದೊಡ್ಡ ಹಾಳೆ ಬಿಡಿಸಿದರು. ಕೊಂಬೆ ಕೊಂಬೆಗೂ ಗಂಡಸರು. ಅಮ್ಮ ಭೂತಗನ್ನಡಿ ಹಿಡಿದು ನಿಧಾನವಾಗಿ ಅಜ್ಜನ ಎಲೆಯವರೆಗೆ ಬಂದಳು. ಅಲ್ಲಿಂದ ಮುಂದೆ ಖಾಲಿ.

"ನಾನೆಲ್ಲಿ?"

"ಗಂಡು ಸಂತಾನ ಆಗಲಿಲ್ಲವಲ್ಲ ತಾಯೀ."

"ಹಾಗಾದರೆ ನಾನು ಆಕಾಶದಿಂದ ಉದುರಿದ್ದೋ?"

ವಕೀಲರು ನಕ್ಕು, ಗಣತಿಯ ಪುಸ್ತಕ ತೆಗೆದರು. ನಾನು ಗಟ್ಟಿಯಾಗಿ ಓದಿದೆ. ಅಜ್ಜನ ಹೆಸರು; ಹೆಂಡತಿ, ನಮ್ಮ ಫೋಟೋದವಳ ಹೆಸರೇ, ವಯಸ್ಸು ಇಪ್ಪತ್ತು. ಹತ್ತು ವರ್ಷದ ನಂತರದ ಗಣತಿಯಲ್ಲಿ ಅದೇ ಅಜ್ಜ, ಅದೇ ಹೆಸರಿನ ಹೆಂಡತಿ, ಜೊತೆಗೆ ಒಂದು ಹೆಣ್ಣು ಶಿಶು. ಹೆಂಡತಿಯ ವಯಸ್ಸು ಹತ್ತೊಂಬತ್ತು.

"ನೋಡಮ್ಮಾ, ಹತ್ತು ವರ್ಷ ಕಳೆದರೂ ನಿನ್ನಮ್ಮ ಒಂದು ವರ್ಷ ಚಿಕ್ಕವಳಾಗಿದ್ದಾಳೆ! ವಾಟ್ ಎ ಲೇಡಿ!" ಅಂದೆ ನಾನು.

ಅಮ್ಮ ನಗಲಿಲ್ಲ. "ಅದು ಇಬ್ಬರು," ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಮೊದಲನೆಯವಳು ಸತ್ತು ಎರಡನೆಯವಳನ್ನು ತಂದರೆ, ಕೆಲವು ಮನೆಗಳಲ್ಲಿ ಅಕ್ಕಿಯ ಮೇಲೆ ಮೊದಲನೆಯವಳ ಹೆಸರನ್ನೇ ಬರೆಯುತ್ತಿದ್ದರು. ಕರೆದು ರೂಢಿಯಾದ ಹೆಸರು. ಹೋದವಳಿಗೂ ಸಮಾಧಾನ ಅನ್ನುತ್ತಿದ್ದರಂತೆ. ಬೇರೆಯವರ ಮನೆಯಲ್ಲಿ ಹೀಗಾದದ್ದನ್ನು ಅಮ್ಮ ಕೇಳಿದ್ದಳು. ತನ್ನ ಅಪ್ಪನಿಗೆ ಮೊದಲೊಂದು ಮದುವೆಯಾಗಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಇಬ್ಬರ ತವರಾದರೂ ಬರೆದಿದ್ದಾರಾ ಮಾಮ?"

"ಹೆಂಗಸರ ತವರಿಗೆ ಕಾಲಮ್ಮೇ ಇಲ್ಲ ತಂಗೀ. ನಾನೆಲ್ಲಿಂದ ತರಲಿ?" ವಕೀಲರ ದನಿಯಲ್ಲಿ ಆಗ ತಮಾಷೆ ಇರಲಿಲ್ಲ.

ವಾಪಸು ಬರುವಾಗ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕುರ್ಲಾ ಹತ್ತಿರ ಬಂದಾಗ ಕೇಳಿದಳು: "ಹಾಗಾದರೆ ಫೋಟೋದಲ್ಲಿ ಇರುವುದು ಯಾರು?"

ಆನೆಸ್ಟ್ಲಿ, ಅಲ್ಲಿಯವರೆಗೆ ನನಗದು ಹೊಳೆದೇ ಇರಲಿಲ್ಲ.

"ನಿನ್ನನ್ನು ಸಾಕಿದ ಅತ್ತೆ ಫೋಟೋ ಕೊಡುವಾಗ ಏನು ಹೇಳಿದ್ದರು? ನೆನಪು ಮಾಡಿಕೋ."

"'ಇದು ನಮ್ಮ ಅತ್ತಿಗೆ' ಅಂದರು. ಹೆಸರು ಹೇಳಿದರು. ನಿನ್ನ ಅಮ್ಮ ಅಂದದ್ದು ನೆನಪಿಲ್ಲ. ಅದು ನಾನೇ ಅಂದುಕೊಂಡದ್ದು."

ಸಾಕಿದ ಅತ್ತೆಗೆ ಇಬ್ಬರೂ ಅತ್ತಿಗೆಯರೇ. ಆ ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು.

ಮನೆಗೆ ಬಂದವಳೇ ಅಮ್ಮ ಫೋಟೋ ಇಳಿಸಿ ಬಾಲ್ಕನಿಯ ಬೆಳಕಿಗೆ ಹಿಡಿದಳು. ಆಗಲೇ ಬದಿಯದೆಲ್ಲ ಅಳಿಸಿಹೋಗಿ ಅವಳಿಗೆ ಎದುರಿನದಷ್ಟೇ ಕಾಣುತ್ತಿತ್ತು. ಮೂಗಿಗೆ ತಾಗುವಷ್ಟು ಹತ್ತಿರ ತಂದುಕೊಂಡಳು. ಆಮೇಲೆ ನನ್ನ ಕೈಗೆ ಕೊಟ್ಟು, "ನೀನು ಹೇಳು. ಇದು ನನ್ನ ಮೂಗಾ? ಕಿವಿ ನೋಡು, ಗಲ್ಲ ನೋಡು," ಅಂದಳು.

ನೋಡಿದೆ. ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ.

"ಗೊತ್ತಾಗುವುದಿಲ್ಲಮ್ಮ."

"ಇಷ್ಟು ಓದಿಸಿದ್ದು ಇದಕ್ಕಾ?" ಅಂದಳು. ಬೈದದ್ದಲ್ಲ, ಸುಮ್ಮನೆ ಅಂದದ್ದು. ಫೋಟೋ ಮತ್ತೆ ಗೋಡೆಗೆ ಹೋಯಿತು.

ಶುಕ್ರವಾರ ಎಂದಿನಂತೆ ಹೂವಿನವಳು ಬಾಗಿಲಲ್ಲಿ ಮಲ್ಲಿಗೆ ಕೊಟ್ಟುಹೋದಳು. ನಾನು ಸ್ಕೂಲಿಗೆ ಹೊರಟಿದ್ದೆ. ಅಮ್ಮ ಮಾಲೆ ಹಿಡಿದು ಗೋಡೆಯ ಮುಂದೆ ನಿಂತಿದ್ದಳು.

"ಹಾಕಿದರೆ ಇನ್ನೊಬ್ಬಳಿಗೆ ಬೇಜಾರಾದೀತು. ಹಾಕದಿದ್ದರೆ ಇವಳಿಗೆ. ಏನು ಮಾಡಲೇ?"

ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತೆ. ಏನಾದರೂ ಹೇಳಬೇಕಿತ್ತು, ಎನಿಥಿಂಗ್. ಟ್ರೇನ್ ತಪ್ಪುತ್ತದೆ, ಹೋಗು ಅಂತ ಕೊನೆಗೆ ಅವಳೇ ಅಂದಳು.

ಸಂಜೆ ಬಂದಾಗ ಮಾಲೆ ಫೋಟೋದ ಕೆಳಗೆ ಸ್ಟೀಲ್ ತಟ್ಟೆಯಲ್ಲಿತ್ತು. ಅಲ್ಲೇ ಬಾಡಿತ್ತು.