ಬಿಲ್ಡ್ ಆಗದ ಸಿಸ್ಟಮ್

ಅಮೆರಿಕದ ಹಿಲ್ಸ್‌ಬರೋದಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಧಾರವಾಡದ ಅಂಕಲ್ ಒಬ್ಬರಿದ್ದರು. ರಿಟೈರ್ ಆದ ಇಂಜಿನಿಯರ್. ಕೆಲಸದಲ್ಲಿದ್ದ ಕಾಲದಲ್ಲಿ, ಬಿಡುವಾದಾಗಲೆಲ್ಲ ಕೂತು, ಬೇರೆ ಬೇರೆ ದೇಶದ ಏಳೆಂಟು ಜನರ ಜೊತೆ ಸೇರಿ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದಿದ್ದರು. ಅದರ ಕೋಡನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಇಳಿಸಿಕೊಂಡವರು ಬಹಳ ಇರಲಿಲ್ಲ.

ಅಂಕಲ್‌ಗೆ ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷವಾಗಿತ್ತು. ಒಂದು ದಿನ ಆಂಟಿ ಫೋನ್ ಮಾಡಿದರು. ಅಂಕಲ್ ದಿನವೂ ಆ ಸಿಸ್ಟಮ್ಮನ್ನೇ ಕೇಳುತ್ತಾರಂತೆ, ಎಲ್ಲಿಟ್ಟೆ ಅಂತ ಜಗಳಕ್ಕೇ ಬರುತ್ತಾರಂತೆ. ಸಾಫ್ಟ್‌ವೇರಿನವಳು ನೀನು, ಒಮ್ಮೆ ಓಡಿಸಿ ತೋರಿಸಲು ಆಗುತ್ತದಾ ಎಂದರು. ಅರ್ಧ ದಿನದ ಕೆಲಸ ಅಂದುಕೊಂಡು ಒಪ್ಪಿಕೊಂಡೆ.

ಶನಿವಾರ ಬೆಳಿಗ್ಗೆ ಅವರ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದೆ. ಅಂಕಲ್ ಪಕ್ಕದಲ್ಲಿ ಕೂತರು, ಸ್ವೆಟರಿನ ಗುಂಡಿ ಒಂದು ಮನೆ ತಪ್ಪಿತ್ತು. ಇಳಿಸಿಕೊಂಡ ಕೋಡನ್ನು ಕಂಪೈಲ್ ಮಾಡಲು, ಅಂದರೆ ಮೆಷಿನ್ ಓಡಿಸಬಲ್ಲ ರೂಪಕ್ಕೆ ತರಲು ಹೋದರೆ, ಯಾವುದೋ ಟೂಲ್ ಇಲ್ಲ ಎಂದಿತು. ಹಾಕಿದೆ. ಇನ್ನೊಂದು ಇಲ್ಲ ಎಂದಿತು. ಅದನ್ನೂ ಹಾಕಿದೆ. ಒಂದೊಂದು ಎರರ್ ಬಂದಾಗಲೂ ಅಂಕಲ್ ತಲೆಯಾಡಿಸುತ್ತಿದ್ದರು. ಬೇಕಾಗಿದ್ದದ್ದು ತೀರ ಹಳೆಯ ಕಂಪೈಲರ್. ಅದನ್ನು ಹುಡುಕಿ, ಈಗಿನ ಮೆಷಿನ್ನಿಗೆ ಒಗ್ಗಿಸುವುದರಲ್ಲೇ ಮತ್ತೆರಡು ಶನಿವಾರ ಹೋದವು.

ನಾಲ್ಕನೇ ವಾರ ಬಿಲ್ಡ್, ಅಂದರೆ ಇಡೀ ಸಿಸ್ಟಮ್ಮನ್ನು ಕಟ್ಟುವ ಕೆಲಸ, ಓಡತೊಡಗಿತು. ಫೈಲುಗಳ ಹೆಸರುಗಳು ಒಂದರ ಹಿಂದೊಂದು ಸ್ಕ್ರೀನಿನಲ್ಲಿ ಮೇಲೇರುತ್ತಿದ್ದವು. ಅಂಕಲ್ ಬೆರಳಿಟ್ಟು, "ಇದು ನಂದು" ಎಂದರು. ಆಂಟಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಬಿಲ್ಡ್ ಕಟ್ಟಕಡೆಯ ಹೆಜ್ಜೆಯಲ್ಲಿ ನಿಂತುಹೋಯಿತು. ಎಲ್ಲ ಫೈಲುಗಳನ್ನು ಸೇರಿಸಿ, ಕಂಪ್ಯೂಟರ್ ಶುರುಮಾಡಬಲ್ಲ ಒಂದೇ ಡಿಸ್ಕ್ ಇಮೇಜ್ ಮಾಡುವ ಸಣ್ಣ ಪ್ರೋಗ್ರಾಮ್ ಒಂದು ಬೇಕಿತ್ತು. ಅದು ಇರಲಿಲ್ಲ.

ಎಲ್ಲಿ ಹುಡುಕಿದರೂ ಸಿಗಲಿಲ್ಲ. ಆ ಗುಂಪಿನ ಹಳೆಯ ಮೇಲಿಂಗ್ ಲಿಸ್ಟಿನ ಒಂದು ಪತ್ರದಲ್ಲಿ, ಅದನ್ನು ನಾನು ಬರೆದಿದ್ದೇನೆ, ನನ್ನ ಮನೆಯ ಸರ್ವರಿನಿಂದ ತೆಗೆದುಕೊಳ್ಳಿ ಎಂದಿತ್ತು. ಕೆಳಗಿದ್ದ ಹೆಸರು ಅಂಕಲ್‌ದೇ. ಆಂಟಿಯನ್ನು ಕೇಳಿದೆ. ಬೇಸ್‌ಮೆಂಟಿಗೆ ನೀರು ನುಗ್ಗಿದ ವರ್ಷ ಅಲ್ಲಿದ್ದ ಕಂಪ್ಯೂಟರುಗಳನ್ನೆಲ್ಲ ರೀಸೈಕ್ಲಿಂಗಿಗೆ ಕೊಟ್ಟುಬಿಟ್ಟೆ ಎಂದರು, ತಪ್ಪೊಪ್ಪಿಕೊಳ್ಳುವವರ ಹಾಗೆ. ಉಳಿದ ಜೊತೆಗಾರರಿಗೆ ಮೇಲ್ ಹಾಕಿದೆ. ಹೆಚ್ಚಿನವು ವಿಳಾಸ ಇಲ್ಲವೆಂದು ವಾಪಸ್ ಬಂದವು. ಒಬ್ಬರು ಮಾತ್ರ ಉತ್ತರಿಸಿದರು: ತಮ್ಮ ಬಳಿ ಇಲ್ಲ, ಬರೆದವರನ್ನೇ ಕೇಳುವುದು ಒಳ್ಳೆಯದು.

ಮುಂದಿನ ಶನಿವಾರ ಆ ಹಳೆಯ ಪತ್ರವನ್ನು ಅಂಕಲ್ ಮುಂದಿಟ್ಟೆ. ಪ್ರೋಗ್ರಾಮಿನ ಕೆಲಸವನ್ನು ಅದರಲ್ಲಿ ನಾಲ್ಕು ಸಾಲಿನಲ್ಲಿ ಅವರೇ ವಿವರಿಸಿದ್ದರು.

"ಇದನ್ನ ಹೇಗೆ ಮಾಡಿದ್ದಿರಿ ಅಂಕಲ್, ಸ್ವಲ್ಪನಾದರೂ ನೆನಪಿದೆಯಾ?"

ಅವರು ಬಹಳ ಹೊತ್ತು ಓದಿದರು. ಮುಖದಲ್ಲಿ ಖುಷಿ ಕಂಡಿತು. "ಬರ್ದಾಂವ ಭಾಳ ಶಾಣ್ಯಾ ಇದ್ದಾನ" ಎಂದರು. "ಅವಂಗೊಂದು ಮೇಲ್ ಹಾಕಿ ಕೇಳವ್ವಾ."

ನಾನು ಆಂಟಿಯ ಕಡೆ ನೋಡಲಿಲ್ಲ. ಹಾಕ್ತೀನಿ ಅಂಕಲ್, ಎಂದೆ.

ಆಮೇಲೆ ಆ ಪ್ರೋಗ್ರಾಮನ್ನು ನಾನೇ ಬರೆಯಲು ನೋಡಿದೆ. ಆ ನಾಲ್ಕು ಸಾಲು ಸಾಲದಾಗಿತ್ತು. ಬೂಟ್ ಮಾಡಿದಾಗಲೆಲ್ಲ ಸ್ಕ್ರೀನ್ ಕಪ್ಪಗೇ ಉಳಿಯುತ್ತಿತ್ತು. ಅವನ ಉತ್ತರ ಬಂತಾ ಎಂದು ಅಂಕಲ್ ಪ್ರತಿ ವಾರ ಕೇಳುತ್ತಿದ್ದರು. ಇನ್ನೂ ಇಲ್ಲ ಅನ್ನುತ್ತಿದ್ದೆ. ಎಲೆ ಉದುರುವ ಹೊತ್ತಿಗೆ ಕೇಳುವುದನ್ನು ನಿಲ್ಲಿಸಿದರು. ಲ್ಯಾಪ್‌ಟಾಪ್ ತೆರೆದರೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲತೊಡಗಿದರು.

ಒಂದು ಶನಿವಾರ ಆಂಟಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. "ಇನ್ನ ತ್ರಾಸ ತಗೋಬ್ಯಾಡವ್ವಾ. ಅದು ಇತ್ತು ಅನ್ನೋದೂ ಅವರಿಗೆ ನೆನಪಿಲ್ಲ ಈಗ."

ಕಾರಿನಲ್ಲಿ ಕೂತಾಗ ಅಳು ಬರಬಹುದು ಅಂದುಕೊಂಡಿದ್ದೆ. ಬಂದದ್ದು ನಿರಾಳ. ಇನ್ನು ಶನಿವಾರಗಳು ನನ್ನವು ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆ ಮನೆಯ ಮುಂದೆ ಡ್ರೈವ್ ಮಾಡುವುದನ್ನು ಅಂದಿನಿಂದ ತಪ್ಪಿಸುತ್ತ ಬಂದಿದ್ದೇನೆ.