ಅಪ್ಪನ ರಿಸರ್ವಾಯರು ಮತ್ತು ಒಂದು ಎಸಳು ದರ್ಭೆ

ಲಿಫ್ಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: 'ನಾಳೆ ರಿಸರ್ವಾಯರ್ ಕ್ಲೀನಿಂಗ್. ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಇರುವುದಿಲ್ಲ.' ಅಂಟಿಸಿದ್ದು ನಿನ್ನೆ, ನಾನು ಓದಿದ್ದು ಇವತ್ತು. ಮೆಟ್ಟಿಲ ತುಂಬ ಬ್ಲೀಚಿಂಗ್ ಪೌಡರಿನ ವಾಸನೆ. ಒಳಗೆ ಬಂದು ನಲ್ಲಿ ತಿರುಗಿಸಿದರೆ ಅದು ಒಂದು ಸಲ ಗೊರಕೆ ಹೊಡೆದು ಸುಮ್ಮನಾಯಿತು. ಸಿಟ್ಟು ಬರಬೇಕಿತ್ತು, ನಗು ಬಂತು. ಕಟ್ಟಡದ ಕೆಳಗಿನ ಗುಂಡಿಯನ್ನು ರಿಸರ್ವಾಯರ್ ಎಂದು ಕರೆಯಬಲ್ಲ ಮಹಾನುಭಾವರು ಈ ಭೂಮಿಯ ಮೇಲೆ ನಮ್ಮಪ್ಪ ಒಬ್ಬರೇ ಎಂದು ಇಷ್ಟು ವರ್ಷ ತಿಳಿದಿದ್ದೆ.

ಅಪ್ಪ ಒಂದು ಕಚೇರಿಯಲ್ಲಿ ಗುಮಾಸ್ತರು. ಯಶವಂತಪುರದಲ್ಲಿ, ರೈಲಿನ ಕೂಗು ಕೇಳಿಸುವಷ್ಟು ದೂರದಲ್ಲಿ ನಮ್ಮ ಹೆಂಚಿನ ಮನೆ. ಅರವತ್ತರ ದಶಕದಲ್ಲಿ ನಮ್ಮ ಬೀದಿಗೆ ನಲ್ಲಿ ಬಂದಾಗ ಅಪ್ಪ ಹಿತ್ತಿಲಲ್ಲಿ ಒಂದು ಸಿಮೆಂಟು ತೊಟ್ಟಿ ಕಟ್ಟಿಸಿದರು. ಐವತ್ತು ಕೊಡ ನೀರು ಹಿಡಿಯುತ್ತಿತ್ತು. ಅದನ್ನು ತೊಟ್ಟಿ ಎಂದರೆ ಅವರಿಗೆ ಅವಮಾನ. "ರಿಸರ್ವಾಯರ್ ಅನ್ರೋ" ಎನ್ನುತ್ತಿದ್ದರು. ಆಮೇಲೆ ಆ ಪದ ಅವರ ಬಾಯಿ ಬಿಟ್ಟು ಇಳಿಯಲೇ ಇಲ್ಲ. ಫೌಂಟನ್ ಪೆನ್ನಿನೊಳಗೆ ಮಸಿ ಇರುವ ಜಾಗ ರಿಸರ್ವಾಯರ್. ಸ್ಟವ್ವಿನಲ್ಲಿ ಸೀಮೆಎಣ್ಣೆ ತುಂಬುವ ಹೊಟ್ಟೆಯೂ ರಿಸರ್ವಾಯರ್. ಎರಡನೇ ಸಲ ಹುಳಿಯನ್ನ ಬಡಿಸಲು ಹೋದರೆ ಹೊಟ್ಟೆ ಸವರಿಕೊಂಡು "ರಿಸರ್ವಾಯರ್ ಫುಲ್" ಎನ್ನುವರು. ಡಿಕ್ಷನರಿಯಲ್ಲಿ ಇನ್ನೂ ಒಂದು ಅರ್ಥವಿದೆಯಂತೆ, ಮನುಷ್ಯರೊಳಗೆ ಕೂಡಿಕೊಂಡಿರುವುದಕ್ಕೂ ಹಾಗೆನ್ನಬಹುದಂತೆ. ಅದಕ್ಕೆ ಉದಾಹರಣೆಯಾಗಿ ಅವರು ಗಲ್ಲ ತಿರುಗಿಸಿ ಅಡಿಗೆಮನೆ ತೋರಿಸುತ್ತಿದ್ದರು. ಅಲ್ಲಿ ಅತ್ತೆ ಇರುತ್ತಿದ್ದರು, ಒಳಗೆ ಕೂಡಿಕೊಂಡಿದ್ದದ್ದು ಸಿಟ್ಟು.

ಅತ್ತೆ ಅಂದರೆ ಅಪ್ಪನ ಅಕ್ಕ. ನಮ್ಮಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರಿಂದ ನನ್ನನ್ನೂ ವಿಮಲಕ್ಕನನ್ನೂ ಸಾಕಿದ್ದು ಅವರೇ. ಮಡಿ ಅಂದರೆ ಅಂಥಿಂಥ ಮಡಿಯಲ್ಲ, ಒಣಹಾಕಿದ ಸೀರೆಯ ನೆರಳು ತುಳಿದರೂ ಬೈಗುಳ. ಅಪ್ಪನ ಪದದ ಬಗ್ಗೆ ಅವರಿಗೆ ಕಿಂಚಿತ್ತೂ ಗೌರವವಿರಲಿಲ್ಲ. "ನಮಗೆ ಕೆರೆ, ಕಟ್ಟೆ, ಕುಂಟೆ, ತೊಟ್ಟಿ, ಹಂಡೆ ಅಂತ ಬೇರೆಬೇರೆ ಇದೆ ಕಣೋ. ಎಲ್ಲಕ್ಕೂ ಒಂದೇ ಹೆಸರಿಟ್ಟರೆ ಎಷ್ಟು ನೀರಿದೆ ಅಂತ ಯಾವನಿಗೆ ಗೊತ್ತಾಗ್ಬೇಕು?" ಎಂದು ಕೇಳುತ್ತಿದ್ದರು. ಈಗ ಯೋಚಿಸಿದರೆ ಮುದುಕಿ ಹೇಳಿದ್ದು ಸರಿ ಅನ್ನಿಸುತ್ತದೆ. ಆಗ ನಾನು ಅಪ್ಪನ ಪಾರ್ಟಿ.

ಇನ್ನು ವಿಮಲಕ್ಕನ ವಿಷಯ. ಅವಳಿಗೆ ಇಪ್ಪತ್ತನಾಲ್ಕು ತುಂಬಿತ್ತು, ಆ ಕಾಲಕ್ಕೆ ಅದು ನೆಂಟರೆಲ್ಲ ನಿಟ್ಟುಸಿರು ಬಿಡುವ ವಯಸ್ಸು. ಮೂರು ಗಂಡುಗಳು ಬಂದು ಉಪ್ಪಿಟ್ಟು ತಿಂದು ಹೋಗಿದ್ದವು. ಒಬ್ಬನಿಗೆ ಅವಳು ಕುಳ್ಳಿ, ಇನ್ನೊಬ್ಬನಿಗೆ ಜಾತಕ ಕೂಡಲಿಲ್ಲ, ಮೂರನೆಯವನು ಕಾಗದವನ್ನೇ ಬರೆಯಲಿಲ್ಲ. ನಾಲ್ಕನೆಯದು ಯಲಹಂಕದ ಮೇಷ್ಟರ ಸಂಬಂಧ. ಅವನ ಫೋಟೋ ಬಂದ ದಿನದಿಂದ ಅಕ್ಕ ಸುಮ್ಮಸುಮ್ಮನೆ ದೇವರ ಗೂಡು ಒರೆಸುತ್ತಿದ್ದಳು, ಫೋಟೋ ಇಟ್ಟದ್ದು ಅಲ್ಲೇ. "ಇದೂ ತಪ್ಪಿಹೋದರೆ ಇನ್ನು ಯಾರ ಮುಂದೂ ತಟ್ಟೆ ಹಿಡ್ಕೊಂಡು ಬರಲ್ಲ ಕಣೇ" ಎಂದು ನನ್ನ ಹತ್ತಿರ ಹೇಳಿದಳು. ಹುಡುಗನ ತಾಯಿ ಮಡಿಯಲ್ಲಿ ನಮ್ಮತ್ತೆಗೇ ಒಂದು ಕೈ ಮೇಲು ಎಂದು ಸುದ್ದಿ ಬಂದಿತ್ತು.

ಅವರು ಬರುತ್ತೇವೆಂದ ಭಾನುವಾರದ ಹಿಂದಿನ ರಾತ್ರಿಯೇ ಚಂದ್ರಗ್ರಹಣ. ಗ್ರಹಣದ ಮರುದಿನ ಶುಭಕಾರ್ಯ ಕೂಡದಲ್ಲವೇ? ಹುಡುಗನ ತಾಯಿಯೇ ದಾರಿ ಹುಡುಕಿದ್ದರು: ಹೋಳಿಗೆ ಮಾಡಿದರೆ ಕಾರ್ಯ, ಉಪ್ಪಿಟ್ಟು ಮಾಡಿದರೆ ಸುಮ್ಮನೆ ಬಂದುಹೋದದ್ದು. ಶಾಸ್ತ್ರವನ್ನು ಇಷ್ಟು ಚೆನ್ನಾಗಿ ಬಲ್ಲವರ ಮನೆಗೆ ಹೆಣ್ಣು ಕೊಡಬೇಕು ಎಂದು ಅತ್ತೆ ಮೆಚ್ಚಿಕೊಂಡರು.

ಗ್ರಹಣ ಹಿಡಿಯುವ ಮುಂಚೆ ಕೂಡಿಟ್ಟ ನೀರಿಗೆ, ಹಾಲಿಗೆ, ಉಪ್ಪಿನಕಾಯಿಗೆ ದರ್ಭೆ ಹಾಕಬೇಕು. ಹಾಕದಿದ್ದರೆ ನೀರು ಮೈಲಿಗೆ, ಚೆಲ್ಲಬೇಕು. ಸಂಜೆ ಅತ್ತೆ ಒಳಗಿನ ಬಿಂದಿಗೆ, ಭರಣಿಗಳನ್ನೆಲ್ಲ ನೋಡಿಕೊಂಡು ಹಿತ್ತಿಲ ತೊಟ್ಟಿಯನ್ನು ಅಪ್ಪನಿಗೆ ಒಪ್ಪಿಸಿದರು. ಅಪ್ಪ ಮರೆತರು. ಬೆಳಿಗ್ಗೆ ಅತ್ತೆ ತೊಟ್ಟಿಯ ಮುಚ್ಚಳ ಸರಿಸಿ ನೋಡಿದರೆ ಒಂದೆಸಳು ದರ್ಭೆಯಿಲ್ಲ.

"ಏನೋ ಇದು?"

ಮರೆತೆ ಎಂದು ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಅಪ್ಪ ವಾದಕ್ಕೆ ನಿಂತರು. "ಹೆಸರಘಟ್ಟದ ಕೆರೆಗೆ ಯಾರಾದ್ರೂ ದರ್ಭೆ ಹಾಕ್ತಾರೇನಕ್ಕಾ? ಅದೂ ರಿಸರ್ವಾಯರು, ಇದೂ ರಿಸರ್ವಾಯರು. ಅದಕ್ಕಿಲ್ಲದ ಮೈಲಿಗೆ ಇದಕ್ಯಾಕೆ?"

"ಕೆರೆ ಭೂಮ್ತಾಯಿ ಮಡಿಲಲ್ಲಿದೆ. ಕೆರೆಗೂ ಬಾವಿಗೂ ಗ್ರಹಣ ಇಲ್ಲ. ಇದು ಗಾರೆಯವನು ಕಟ್ಟಿದ ಪಾತ್ರೆ. ನಿನ್ನ ಇಂಗ್ಲಿಷು ನಿನ್ನ ಆಫೀಸಲ್ಲಿಟ್ಕೋ" ಎಂದವರೇ ತೊಟ್ಟಿಯ ಬುಡದ ಗೂಟ ಕಿತ್ತುಬಿಟ್ಟರು. ಸಂಜೆ ದರ್ಭೆ ಹಾಕಿದ್ದ ಬಿಂದಿಗೆಗಳನ್ನೂ, ಅಪ್ಪ ಮುಟ್ಟಿರಬಹುದೆಂಬ ಗುಮಾನಿಯ ಮೇಲೆ, ಬಗ್ಗಿಸಿದರು. ಆರು ಗಂಟೆಗೆ ನಲ್ಲಿ ಬರುತ್ತದಲ್ಲ, ಎಲ್ಲವನ್ನೂ ಹೊಸದಾಗಿ ತುಂಬಿದರಾಯಿತು.

ನೀರು ಬಾಳೆಬುಡ ತುಂಬಿ, ಕರಿಬೇವಿನ ಪಾತಿ ಹಾದು, ಕಾಂಪೌಂಡಿನ ಕಂಡಿಯಲ್ಲಿ ತೂರಿ ಪಕ್ಕದ ಖೈರುನ್ನಿಸಾ ಅವರ ಕೋಳಿಗೂಡಿಗೆ ನುಗ್ಗಿತು. ಕೋಳಿಗಳು ಬೀದಿಯನ್ನೇ ಎಬ್ಬಿಸಿದವು. ಆ ಕೋಳಿಗಳು ನಮ್ಮ ತುಳಸಿ ಕಟ್ಟೆ ಕೆದಕಿದ ಮೇಲೆ ಅತ್ತೆ ಆ ಮನೆಯ ಕಡೆ ಮುಖ ಹಾಕಿ ಮಾತಾಡಿ ನಾಲ್ಕು ವರ್ಷವಾಗಿತ್ತು.

ಆರು ಗಂಟೆಯಾಯಿತು. ನಲ್ಲಿ ಬರಲಿಲ್ಲ. ಆರೂವರೆಗೆ ಹಾಲಿನವಳು ಹೇಳಿದಳು, "ಎಲ್ಲೋ ಪೈಪು ಒಡ್ದೋಗೈತಂತೆ ಕಣ್ರವ್ವಾ, ಇವತ್ತು ನೀರಿಲ್ವಂತೆ." ಹಿಂದೂಪುರದ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿ ಯಲಹಂಕದಲ್ಲಿ ಅವರನ್ನು ಹತ್ತಿಸಿಕೊಂಡು ಒಂಬತ್ತಕ್ಕೆ ಬರುವುದಿತ್ತು. ಮನೆಯಲ್ಲಿ ಕಾಲು ತೊಳೆಯಲು ಕೊಡುವುದಕ್ಕೂ ನೀರಿಲ್ಲ, ಉಪ್ಪಿಟ್ಟಿಗೂ ಇಲ್ಲ. ಅಕ್ಕ ಜಡೆ ಬಿಚ್ಚತೊಡಗಿದಳು. ಅದನ್ನು ನೋಡಿ ಅಪ್ಪ, ಜೀವನದಲ್ಲಿ ಒಂದೇ ಸಲ, "ತೊಟ್ಟಿಗೆ ದರ್ಭೆ ಹಾಕ್ಬೇಕಿತ್ತು" ಎಂದರು.

ಖೈರುನ್ನಿಸಾ ಅವರ ಹಿತ್ತಿಲಲ್ಲಿ ಬಾವಿಯಿತ್ತು. ಅದು ನಮಗೆಲ್ಲ ಗೊತ್ತಿತ್ತು. ಅತ್ತೆ ಎರಡು ಕೊಡ ಎತ್ತಿಕೊಂಡು ಗೋಡೆಯ ಪಕ್ಕ ಹೋಗಿ ನಿಂತರು. ಒಂದೈದು ನಿಮಿಷ ನಿಂತೇ ಇದ್ದರು. ನಾನು, ಹದಿಮೂರು ವರ್ಷದ ಕತ್ತೆ, ಅಡಿಗೆಮನೆ ಕಿಟಕಿಯಲ್ಲಿ ಬಾಯಿಗೆ ಸೆರಗು ತುರುಕಿಕೊಳ್ಳಲು ಸೆರಗಿಲ್ಲದೆ ಲಂಗ ತುರುಕಿಕೊಂಡು ನಗುತ್ತಿದ್ದೆ.

"ಖೈರುನ್ನಿಸಾ... ಒಂದೆರಡು ಕೊಡ ನೀರು ಬೇಕಿತ್ತು. ಹುಡುಗಿ ನೋಡೋಕೆ ಬರ್ತಿದಾರೆ."

ಆಯಮ್ಮ ಒದ್ದೆ ಕೋಳಿಯೊಂದನ್ನು ಕಂಕುಳಲ್ಲಿಟ್ಟುಕೊಂಡೇ ಬಂದರು. "ಬನ್ನಿ ಅಮ್ಮಾ. ಬೆಳಿಗ್ಗೆ ನಿಮ್ದು ನೀರು ನಮ್ಮನೆಗೆ ಬಂತು, ಈಗ ನಮ್ದು ನೀರು ನಿಮ್ಮನೆಗೆ ಬರ್ಲಿ. ಅದ್ರಲ್ಲೇನೈತೆ? ನಾನು ಮುಟ್ಟಲ್ಲ, ನೀವೇ ಸೇದ್ಕೊಳ್ಳಿ."

ಕೊಡ ನಮ್ಮದು, ಕೈ ನಮ್ಮದು, ಆದರೆ ಹಗ್ಗ? ನಲ್ಲಿ ಬಂದ ಮನೆಯಲ್ಲಿ ಹಗ್ಗ ಯಾರು ಇಟ್ಟುಕೊಳ್ಳುತ್ತಾರೆ? ಅತ್ತೆ ರಾಟೆಯ ಹಗ್ಗವನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಗೆ, "ನಾರುಮಡಿಗಿಲ್ಲದ ಮೈಲಿಗೆ ನಾರಹಗ್ಗಕ್ಕೆ ಎಲ್ಲಿಂದ ಬರತ್ತೆ" ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಸೇದತೊಡಗಿದರು. ಅರವತ್ತು ದಾಟಿದ ಹೆಂಗಸು, ಹನ್ನೆರಡು ಕೊಡ ಸೇದಿದರು. ಅಷ್ಟರಲ್ಲಿ ನನ್ನ ನಗು ನಿಂತುಹೋಗಿತ್ತು. ನಾನೂ ಹೋಗಿ ಕೊಡ ಹೊತ್ತೆ.

ಒಂಬತ್ತೂವರೆಗೆ ಅವರು ಬಂದರು. ಹುಡುಗ, ಅವನ ತಾಯಿ, ಒಬ್ಬ ಸೋದರಮಾವ. ಅಕ್ಕ ತಟ್ಟೆಯಲ್ಲಿ ನೀರಿನ ಲೋಟಗಳನ್ನು ಹಿಡಿದು ಬಂದಳು. ತಾಯಿ ಲೋಟ ಎತ್ತಿ ಒಂದು ಗುಟುಕು ಕುಡಿದು ಕೇಳಿದರು, "ಇದು ನಲ್ಲಿ ನೀರಲ್ಲ, ಅಲ್ವೇ?"

"ಅಲ್ಲ. ಬಾವೀದು" ಅಂದರು ಅತ್ತೆ.

"ನಿಮ್ಮ ಬಾವೀನಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅಪ್ಪ ಕೆಮ್ಮಿದರು. ಆದರೆ ನಮ್ಮತ್ತೆಗೆ ಸುಳ್ಳೂ ಒಂದು ಮೈಲಿಗೆಯೇ. "ಅಲ್ಲ ಕಣ್ರೀ. ಪಕ್ಕದ್ಮನೆ ಸಾಬರದು. ತೊಟ್ಟಿಗೆ ದರ್ಭೆ ಹಾಕೋದು ಮರ್ತಿದ್ವಿ, ಇದ್ದ ನೀರೆಲ್ಲ ನಾನೇ ಚೆಲ್ದೆ, ನಲ್ಲಿ ಕೈ ಕೊಡ್ತು. ಆಯಮ್ಮ ಕೊಟ್ಟಳು, ನಾನು ಸೇದಿದೆ. ಬೇಡ ಅಂದ್ರೆ ಬಿಡಿ, ಹುಡುಗಿದೇನೂ ತಪ್ಪಿಲ್ಲ."

ಆ ತಾಯಿ ಲೋಟ ಕೆಳಗಿಟ್ಟರು. ಹೋಯಿತು ನಾಲ್ಕನೆಯದೂ, ಎಂದುಕೊಂಡೆ. ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ.

"ನೀವಾದ್ರೂ ಸೇದ್ಕೊಂಡ್ರಿ" ಎಂದರು ಅವರು, ಮೆಲ್ಲಗೆ. "ಬೆಳಿಗ್ಗೆ ನಾನೂ ಒಂದು ತೊಟ್ಟು ಬಿಡದ ಹಾಗೆ ಚೆಲ್ಲಿದೆ. ಆಮೇಲೆ ಬಾವಿಗೆ ಕೊಡ ಬಿಟ್ಟರೆ ಹಗ್ಗ ಕಿತ್ಕೊಂಡು ಹೋಯ್ತು. ಗಾಡಿಗೆ ಹೊತ್ತಾಯ್ತು. ಕಾಫಿ ಇಲ್ಲ, ನೀರಿಲ್ಲ. ನಮ್ಮ ಹುಡುಗ ಮುಖ ತೊಳೆದದ್ದು ಯಲಹಂಕ ಸ್ಟೇಷನ್ನಲ್ಲಿ. ಇನ್ನೊಂದು ಲೋಟ ಕೊಡೇ ತಾಯಿ."

ಹೆಣ್ಣು ನೋಡುವಾಗ ಹೆಣ್ಣು ನಗಬಾರದು. ವಿಮಲಕ್ಕ ಮನೆ ಹಾರಿಹೋಗುವ ಹಾಗೆ ನಕ್ಕಳು. ಹುಡುಗ ಕಿವಿಯವರೆಗೆ ಕೆಂಪಾಗಿ, ಆಮೇಲೆ ಅವನೂ ನಕ್ಕ. ಸೋದರಮಾವ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡ. ಇನ್ನೇನು ಬೇಕು ಹೇಳಿ? ಮದುವೆಯಾಯಿತು. ಮದುವೆಗೆ ಖೈರುನ್ನಿಸಾ ಬಂದರು, ಅತ್ತೆ ಅವರನ್ನು ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದರು. ಕೋಳಿಗಳ ಜಗಳ ಮಾತ್ರ ಹಾಗೇ ಮುಂದುವರಿಯಿತು.

ಅತ್ತೆ ಗೋಡೆಯ ಪಕ್ಕ ಕೊಡ ಹಿಡಿದು ನಿಂತ ಭಂಗಿಯನ್ನು ನಾನು ಅರವತ್ತು ವರ್ಷದಿಂದ ಮದುವೆ ಮುಂಜಿಗಳಲ್ಲಿ ಅಭಿನಯಿಸಿ ತೋರಿಸಿ ನೆಂಟರನ್ನು ನಗಿಸಿದ್ದೇನೆ. ಇವತ್ತು ಬಕೆಟ್ ಹಿಡಿದು ಹೊರಗೆ ಬಂದೆ. ನಮ್ಮ ಎದುರು ಫ್ಲಾಟಿನಲ್ಲಿ ಒಂದು ಚಿಕ್ಕ ವಯಸ್ಸಿನ ಜೋಡಿ, ಚೀಟಿಯನ್ನು ನಿನ್ನೆಯೇ ಓದಿ ನೀರು ತುಂಬಿಟ್ಟುಕೊಂಡಿರುತ್ತಾರೆ. ಚಪ್ಪಲಿ ಗೂಡನ್ನು ಬಾಗಿಲ ಹೊರಗೆ ಇಟ್ಟಿದ್ದಾರೆಂದು ನಾನು ಒಂದು ವರ್ಷದಿಂದ ಅವರನ್ನು ನೋಡಿಯೂ ನೋಡದಂತೆ ಓಡಾಡುತ್ತಿದ್ದೇನೆ. ಅವರ ಕರೆಗಂಟೆಯ ಮುಂದೆ ನಿಂತೆ. ಕೈ ಮೇಲೇಳಲಿಲ್ಲ. ವಾಪಸು ಬಂದೆ, ಮತ್ತೆ ಹೋದೆ. ಅತ್ತೆಗೆ ಐದು ನಿಮಿಷ ಸಾಕಾಗಿತ್ತು. ನನಗೆ ಕಾಲು ಗಂಟೆ ಹಿಡಿಯಿತು.

ಬಾಗಿಲು ತೆರೆಯಿತು. ಮನಸ್ಸಿನಲ್ಲೇ ಅತ್ತೆಗೆ ತಪ್ಪಾಯಿತು ಎಂದು, ಆ ಹುಡುಗಿಗೆ, "ಒಂದು ಬಕೆಟ್ ನೀರು ಬೇಕಿತ್ತಮ್ಮಾ" ಅಂದೆ.