ಚಿಕ್ಕವ್ವ ಮುಟ್ಟದ ಮದ್ದಿನ ಡಬ್ಬಿ

ಜೇನುಮೇಣ ಕರಗುವ ವಾಸನೆ ಎಂಥವರಿಗೂ ಹಿತ. ನಾನು ಮಾತ್ರ ಕಿಟಕಿ ಮುಚ್ಚುತ್ತೇನೆ. ಮೊನ್ನೆ ಪಕ್ಕದ ಮನೆಯಾಕೆ ಒಡೆದ ಹಿಮ್ಮಡಿಗೆ ಹಚ್ಚಲೆಂದು ಮೇಣಕ್ಕೆ ಕೊಬ್ಬರಿ ಎಣ್ಣೆ ಬೆರೆಸಿ ಒಲೆಯ ಮೇಲಿಟ್ಟಿದ್ದಳು. ಆ ವಾಸನೆ ಗೋಡೆ ದಾಟಿ ಬಂದದ್ದೇ ತಡ, ನಾನು ತಾಳವಾಡಿ ಸೀಮೆಯ ನಮ್ಮ ಹಳೇ ಮನೆಯ ಜಗಲಿಯಲ್ಲಿ ಮಂಡಿಯೂರಿ ಕೂತಿದ್ದೆ. ಎದುರಿಗೆ ತಾತ, ನಡುವೆ ಕಂಬಳಿ, ಕಂಬಳಿಯ ಮೇಲೆ ಸಾಲಾಗಿ ನಿಲ್ಲಿಸಿದ ಕೋವಿಯ ಹಿತ್ತಾಳೆ ತೋಟಾಗಳು. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ಬಿದ್ದುಹೋದ ಮೇಲೂ ಕರೆಯದೆ ಬಂದು ಕೂರುವ ಮನೆ. ಅಂಥ ಮನೆಗಳೆಲ್ಲ ತಣ್ಣಗೆ, ಸಿಹಿಯಾಗಿ ಇದ್ದವು ಎಂದು ಬರೆಯುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ನನಗೆ ಹನ್ನೆರಡು. ನಮ್ಮ ಹೊಲದ ಬದು ಮುಗಿದಲ್ಲೇ ಕಾಡು ಶುರುವಾಗುತ್ತಿತ್ತು. ನಾವು ಬಿತ್ತಿದ ರಾಗಿಯಲ್ಲಿ ಅರ್ಧ ನಮಗೆ, ಅರ್ಧ ಜಿಂಕೆ, ಕಡವೆ, ಹಂದಿಗಳಿಗೆ. ಬೆಳೆ ಕಾಯಲೆಂದು ತಾತನ ಬಳಿ ಒಂಟಿ ನಳಿಗೆಯ ಕೋವಿಯಿತ್ತು. ಸನ್ನೆ ಒತ್ತಿದರೆ ತೋಟಾ ಹಾಕಲು ನಡು ಮುರಿದು ಬಾಯಿ ಬಿಡುತ್ತಿತ್ತು. ಹೆದರಿಸಿ ಓಡಿಸಲೆಂದು ಲೈಸೆನ್ಸು ಕೊಟ್ಟಿದ್ದರೂ ಅದರ ಬಾಯಿಗೆ ಬಿದ್ದ ಪ್ರಾಣಿಗಳ ಬಾಡು ಯಾರ ಯಾರ ಮನೆಯಲ್ಲಿ ಬೇಯುತ್ತಿತ್ತು ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಅಂಗಡಿಯ ತೋಟಾ ಸುಲಭಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಯನ್ನೇ ಆಯ್ದು ತಂದು, ತಿಕ್ಕಿ ತೊಳೆದು, ಮನೆಯಲ್ಲೇ ಮತ್ತೆ ತುಂಬುತ್ತಿದ್ದೆವು.

ತುಂಬುತ್ತಿದ್ದವಳು ನಾನು. ತಳದಲ್ಲಿ ಕಿಡಿ ಹೊತ್ತಿಸುವ ಕೇಪು ಸುಟ್ಟಿದ್ದರೆ ಅದನ್ನು ತಾತ ಮೊಳೆಯಿಂದ ತಟ್ಟಿ ತೆಗೆದು ಹೊಸದನ್ನು ಕೂರಿಸಿ ಕೊಡುತ್ತಿದ್ದ. ನಾನು ಸಿಡಿಮದ್ದು ಸುರಿದು, ಹಳೇ ಕಂಬಳಿಯಿಂದ ಕತ್ತರಿಸಿದ ಬಿಲ್ಲೆ ತುರುಕಿ, ಸೀಸದ ಚರೆಗುಂಡು ಹಾಕಿ, ಮೇಲೊಂದು ರಟ್ಟಿನ ಬಿಲ್ಲೆ ಮುಚ್ಚಿ, ಜಡೆಯ ಎಂಬಾತ ಕಾಡಿನಿಂದ ತಂದುಕೊಡುತ್ತಿದ್ದ ಜೇನುಮೇಣವನ್ನು ಕರಗಿಸಿ ಬಾಯಿ ಕಟ್ಟುತ್ತಿದ್ದೆ. ಜಡೆಯ ಕಾಡಿನ ಸೋಲಿಗರ ಬುಡಕಟ್ಟಿನವನು, ನಮ್ಮ ಹೊಲ ಕಾಯುತ್ತಿದ್ದ. ಗಂಡಸರ ಕೈ ಬೆವರುತ್ತದೆ, ಮುಟ್ಟಾಗುವ ಹೆಂಗಸು ಮದ್ದಿನ ಡಬ್ಬಿ ಸೋಕಿದರೆ ಹಾರಿಸಿದ ಈಡು ಸತ್ತುಹೋಗುತ್ತದೆ, ಮೈನೆರೆಯದ ಹುಡುಗಿಯೇ ತುಂಬಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ತಾತ ಕರುಣೆಯ ಮನುಷ್ಯನಲ್ಲ. ಬಾಗಿಲಿಗೆ ಬಂದ ನಾಯಿಯ ಮೇಲೆ ಕುದಿಯುವ ಗಂಜಿ ಎರಚಿ, ಅದು ಊಳಿಡುತ್ತ ಓಡುವುದನ್ನು ನೋಡಿ ನಗುತ್ತಿದ್ದ. ಇಡೀ ವಾರ ನನ್ನ ಹೆಸರೆತ್ತಿ ಕೂಗದವನು ತೋಟಾ ತುಂಬುವ ದಿನ ಮಾತ್ರ 'ಬಾ ಕೂಸು' ಎನ್ನುತ್ತಿದ್ದ. ಆ ಎರಡು ಮಾತಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ.

ಮನೆಯಲ್ಲಿ ಅಪ್ಪ, ಅವ್ವನ ಜೊತೆ ಚಿಕ್ಕವ್ವ ಇದ್ದಳು, ಚಿಕ್ಕಪ್ಪನ ಹೆಂಡತಿ. ಮದುವೆಯಾದ ಎರಡನೇ ವರ್ಷಕ್ಕೆ ಚಿಕ್ಕಪ್ಪ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ತಾತ ರಟ್ಟಿನ ಬಿಲ್ಲೆಗೆ ಅವಳ ಮದುವೆಯಲ್ಲಿ ಹಂಚಿ ಉಳಿದಿದ್ದ ಲಗ್ನಪತ್ರಿಕೆಗಳನ್ನೇ ಕತ್ತರಿಸುತ್ತಿದ್ದ. ಬೇರೆ ರಟ್ಟು ಇರಲಿಲ್ಲವೆಂದಲ್ಲ. ಚಿಕ್ಕವ್ವ ಕಸ ಗುಡಿಸುವಾಗ ಗಂಡನ ಹೆಸರಿನ ಚೂರು ಸಿಕ್ಕರೆ ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದಳು. ನಾನು ಅದನ್ನು ನೋಡಿಯೂ ಅವಳ ಮುಂದೆಯೇ ಬಿಲ್ಲೆಗಳನ್ನು ಎಣಿಸಿ ಗುಡ್ಡೆ ಹಾಕುತ್ತಿದ್ದೆ. ಅವಳು ಬೈಯುತ್ತಿರಲಿಲ್ಲ, ಸಂಜೆ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದಳು.

ಆ ವರ್ಷ ದೊಡ್ಡ ಕೊಂಬಿನ ಕಡವೆಯೊಂದು ರಾಗಿಗೆ ಬಿದ್ದು ಅಕ್ಕಪಕ್ಕದ ಹೊಲಗಳನ್ನೂ ಮೇಯ್ದುಹಾಕಿತ್ತು. ಒಂದೇ ಈಡಿಗೆ ಉರುಳಿಸುತ್ತೇನೆಂದು ತಾತ ಊರ ಮುಂದೆ ಮೀಸೆ ತಿರುವಿದ. ನಾಳೆ ಬೆಳಿಗ್ಗೆ ಹೋಗುವುದು, ಇವತ್ತು ಮಧ್ಯಾಹ್ನ ತೋಟಾ ತುಂಬುವುದು ಎಂದಾಯಿತು. ಅವತ್ತೇ ಬೆಳಿಗ್ಗೆ ಹಿತ್ತಿಲಿನ ಒಗೆಯುವ ಕಲ್ಲಿನ ಬಳಿ ನನ್ನ ಲಂಗದ ಮೇಲಿನ ರಕ್ತದ ಕಲೆಯನ್ನು ನೀರು ಹಾಕಿ ಉಜ್ಜುತ್ತಿದ್ದೆ. ಚಿಕ್ಕವ್ವ ಬಂದಳು. ಲಂಗ ಬಿಚ್ಚಿಸಿ ತಾನೇ ಒಗೆದಳು, ತನ್ನ ಹಳೇ ಸೀರೆಯಿಂದ ಬಟ್ಟೆ ಹರಿದುಕೊಟ್ಟಳು.

"ಯಾರ್ಗೂ ಏಳ್ಬ್ಯಾಡ ಚಿಕ್ಕವ್ವ, ಇವತ್ತೊಂದಿನ," ಎಂದು ಅವಳ ಕೈ ಹಿಡಿದೆ.

"ಆಯ್ತು ಬುಡು. ನಾಳ ನಾನೇ ನಿಮ್ಮವ್ವಂಗೆ ಏಳ್ತೀನಿ. ಮದ್ದು ಮಾತ್ರ ಮುಟ್ಬ್ಯಾಡ ಕಣ ಕೂಸು. ವಟ್ಟನೋವು ಅಂದ್ಬುಡು."

ತಲೆಯಾಡಿಸಿದೆ. ಮಧ್ಯಾಹ್ನ ಅವಳು ಸೌದೆಗೆ ಹೋದಾಗ ತಾತ ಕರೆದ. ಹೊಟ್ಟೆನೋವು ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೋಗಿ ಕೂತು ತೋಟಾ ತುಂಬಿದೆ.

ಬೆಳಕು ಹರಿಯುವ ಹೊತ್ತಿಗೆ ಊರಿನ ನಾಲ್ಕು ಗಂಡಸರು ನೋಡಲು ಬಂದಿದ್ದರು. ನಾನೂ ಬದುವಿನ ಮೇಲಿದ್ದೆ. ಕಡವೆ ಮಂಜಿನಲ್ಲಿ ತಲೆಯೆತ್ತಿ ನಿಂತಿತ್ತು. ತಾತ ಕೋವಿಯ ಕುದುರೆ ಎಳೆದ. ಢಮ್ಮೆನ್ನಬೇಕಾದದ್ದು ಒದ್ದೆ ಪಟಾಕಿಯ ಹಾಗೆ ಬುಸ್ಸೆಂದಿತು. ಜೋರಿಲ್ಲದ ಚರೆಗಳು ಪ್ರಾಣಿಯ ಮುಖಕ್ಕೆ ಹೋಗಿ ತಾಗಿದವು. ಕಣ್ಣು ಎರಡೂ ಹೋಗಿ ಅದು ಸುತ್ತಿದಲ್ಲೇ ಸುತ್ತುತ್ತ ರಾಗಿ ತುಳಿಯಿತು, ಬಂಡೆಗೆ ಡಿಕ್ಕಿ ಹೊಡೆಯಿತು, ಎದ್ದು ಮತ್ತೆ ಹೊಡೆಯಿತು. ಅದು ಅರಚಿದ್ದನ್ನು ನಾನು ಬರೆಯಲಾರೆ. ಬಹಳ ಹೊತ್ತಿನ ಮೇಲೆ ಜಡೆಯ ಕೊಡಲಿ ಹಿಡಿದು ಹೋಗಿ ಮುಗಿಸಿದ. ಬಂದವರಲ್ಲಿ ಒಬ್ಬ ನಕ್ಕ. ತಾತನ ಕಿವಿ ಕೆಂಪಾಯಿತು.

ಮನೆಗೆ ಬಂದವನೇ ಹೆಂಗಸರನ್ನು ಅಂಗಳದಲ್ಲಿ ನಿಲ್ಲಿಸಿದ. ಆ ಗಂಡಸರೂ ಬಂದಿದ್ದರು. ಮದ್ದೇ ತೇವವಾಗಿತ್ತು ಬುದ್ದಿ ಎನ್ನಹೋದ ಜಡೆಯನ ಕೆನ್ನೆಗೆ ಒಂದು ಬಿತ್ತು.

"ಯಾವಳಮ್ಮಿ ಡಬ್ಬಿ ಮುಟ್ಟುದ್ದು?" ತಾತ ಕೇಳಿದ್ದು ಎಲ್ಲರನ್ನು, ನೋಡಿದ್ದು ಚಿಕ್ಕವ್ವನನ್ನು.

ಮನೆ ಬಿಟ್ಟು ಹೊರಡು ಎಂದು ಅವಳಿಗೇ ಹೇಳಿದ. ಅವಳ ಟ್ರಂಕನ್ನು ಅಂಗಳಕ್ಕೆ ಎಸೆದ ಮೇಲೆಯೇ ಚಿಕ್ಕವ್ವ, "ನಾನು ಮುಟ್ನಿಲ್ಲ ಮಾವ. ಕೂಸು ದೊಡ್ಡೋಳಾಗವ್ಳ. ನೆನ್ನ ನಾನೇ ಬಟ್ಟ ಕೊಟ್ಟೆ. ಬೈಬ್ಯಾಡಿ, ಅದ್ಕೇನ್ ಗೊತ್ತು," ಎಂದಳು.

ತಾತ ನನ್ನ ಕಡೆ ತಿರುಗಿದ. ಇನ್ನು ಯಾವತ್ತೂ 'ಬಾ ಕೂಸು' ಎನ್ನುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

"ಇಲ್ಲ ತಾತ, ಸುಳ್ ಏಳ್ತಾವ್ಳ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಡಬ್ಬಿ ಮುಟ್ಟುದ್ದು ಅವಳೇಯ. ನಾನೇ ನೋಡ್ದಿ."

ಚಿಕ್ಕವ್ವ ನನ್ನನ್ನು ನೋಡಿದಳು. ಅವ್ವ ನನ್ನ ಮುಖ ನೋಡಿದಳು, ಒಗೆದು ಹಾಕಿದ್ದ ಲಂಗವನ್ನು ನೋಡಿದಳು, ಒಲೆಯ ಕಡೆ ಹೋದಳು. ಅಪ್ಪ ಟ್ರಂಕಿನ ಮುಚ್ಚಳ ಒತ್ತಿ ಚಿಲಕ ಹಾಕಿಕೊಟ್ಟ. ಒಂಬತ್ತು ಗಂಟೆಯ ಬಸ್ಸಿಗೆ ಚಿಕ್ಕವ್ವ ಹಾಸನೂರಿನಾಚೆಯ ತವರಿಗೆ ಹೊರಟಳು. ಅವಳ ಹಳೇ ಸೀರೆ ಹಿತ್ತಿಲ ತಂತಿಯ ಮೇಲೆ ಒಣಗುತ್ತಿತ್ತು. ಮುಟ್ಟಿನ ಉಳಿದ ದಿನಗಳಿಗೆ ನಾನು ಅದನ್ನೇ ಯಾರಿಗೂ ಕಾಣದ ಹಾಗೆ ಹರಿದುಕೊಂಡೆ.

ಮುಂದಿನ ತಿಂಗಳು, ಅದೇ ಮೊದಲು ಎಂಬಂತೆ ಅವ್ವನಿಗೆ ಹೇಳಿದೆ. ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕಿದ, ಆರತಿಯಾಯಿತು, ಎಳ್ಳು ಬೆಲ್ಲದ ಚಿಗಳಿ ತಿನ್ನಿಸಿದರು. ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ತಾತ ಜಗಲಿಯಲ್ಲಿ ಕಂಬಳಿ ಹಾಸಿ ನನ್ನನ್ನು ಕರೆದ. ನಾನು ದೂರವೇ ನಿಂತೆ.

"ಬಾ ಕೂಸು, ಕೂತ್ಕ. ಯಾರು ಮುಟ್ಟುದ್ರೂ ಮದ್ದು ಉರಿತದ. ನೀ ತುಂಬದ್ಕ ಹಿಂದ್ಲ ರಾತ್ರ ಡಬ್ಬಿಗ ಮುಚ್ಚುಳ ಆಕ್ದೆ ಮಂಜ್ಗ ಬುಟ್ಟಿದ್ದೋನು ನಾನೇಯ."

"ಮತ್ತ ಚಿಕ್ಕವ್ವನ್ನ ಯಾಕ್ ಕಳುಸ್ದೆ?"

"ನಾಕ್ ಜನದ ಮುಂದ ನನ್ ತಪ್ಪು ಅನ್ನದಾ? ನೀನೂ ಗೊತ್ತಿದ್ದೇ ತಾನೇ ಏಳುದ್ದು? ಕಣ್ಣೂ ಮಿಟುಕುಸ್ನಿಲ್ಲ." ನನ್ನ ಬೆನ್ನು ತಟ್ಟಿದ. "ನೀನು ಮೊಮ್ಮಗಳಲ್ಲ ಕಣ, ನನ್ ಮೊಮ್ಮಗ."

ನನಗೆ ಆಗ ಏನಾಯಿತೆಂದು ಸುಳ್ಳು ಹೇಳುವುದಿಲ್ಲ. ಖುಷಿಯಾಯಿತು. ಮೈಯೆಲ್ಲ ಬೆಚ್ಚಗಾಗುವಷ್ಟು ಖುಷಿಯಾಯಿತು.

ಈಗ ಆ ಮನೆಯಿಲ್ಲ. ಕಾಡಿಗೆ ಹೊಸ ಕಾಯ್ದೆ ಬಂದಾಗ ಕೋವಿಯನ್ನು ಒಪ್ಪಿಸಬೇಕಾಯಿತು. ಆಮೇಲೆ ತಾತ ಒಂದು ವರ್ಷ ಬರಿಗೈಲಿ ಜಗಲಿಯಲ್ಲಿ ಕೂತು ಎಲ್ಲರನ್ನೂ ಬೈದು ಸತ್ತ. ಜಡೆಯ ಕಾಡಿನಲ್ಲಿದ್ದ ತನ್ನವರ ಪೋಡಿಗೆ ಹೋದವನು ತಿರುಗಿ ಬರಲಿಲ್ಲ. ಹೆಂಚು, ತೊಲೆ, ಬಾಗಿಲು ಒಂದೊಂದಾಗಿ ಕಂಡವರ ಪಾಲಾದವು. ಸತ್ಯಮಂಗಲದ ಬಸ್ಸಿನಲ್ಲಿ ಎಷ್ಟೋ ಸಲ ಚಿಕ್ಕವ್ವನ ಊರಿನ ತಿರುವು ದಾಟಿದ್ದೇನೆ. ಇಳಿದದ್ದು ಒಂದೇ ಸಲ, ಅವಳ ತಿಥಿಗೆ.

ಎಲೆ ಹಾಕುತ್ತಿದ್ದ ಅವಳ ಅತ್ತಿಗೆಗೆ ನನ್ನ ಗುರುತಿರಲಿಲ್ಲ. ಗಂಡನ ಮನೆ ಕಡೆಯವಳು ಎಂದಷ್ಟೇ ಹೇಳಿದೆ. ಆಕೆ ನನ್ನ ಪಕ್ಕ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ ಮನ ಬಗ್ಗ ಒಂದ್ ಮಾತು ಆಡ್ನಿಲ್ಲ ಕಣವ್ವ. ಬಂದ ಒಸ್ದ್ರಲ್ಲಿ ಮಾತ್ರ ಕೂತ್ರೂ ಅದೇ, ನಿಂತ್ರೂ ಅದೇ. ಪಾಪ, ಆ ಕೂಸ್ಗ ಬಟ್ಟ ಯಾರ್ ಕೊಟ್ರೋ ಅಂತಿದ್ಲು. ಯಾವ್ ಕೂಸು ಅಂದ್ರ ಏಳ್ತಿರ್ನಿಲ್ಲ. ನಿಮ್ಗೇನಾರ ಗೊತ್ತಾ, ಯಾವ್ ಕೂಸು ಅಂತ?"

"ಗೊತ್ತಿಲ್ಲ," ಎಂದೆ. ಅವಳು ಬಡಿಸಿದ ಅನ್ನವನ್ನು ಕಲಸಿಕೊಂಡೆ.